ಒಂದು ಓ ಸಾಕು

ಫೋರ್ಟಿನ ರಾತ್ರಿಶಾಲೆ. ಏಳೂವರೆಗೆ ಇಂಗ್ಲಿಷು.
ಬೆಂಚಿನ ತುಂಬ ಕ್ಯಾಂಟೀನಿನ ಹುಡುಗರು, ನಾವು,
ಸೋಡಾಪುಡಿಗೆ ಬಿರಿದ ಬೆರಳು,
ಹೆಗಲಲ್ಲಿನ್ನೂ ಮೇಜು ಒರಸುವ ಬಟ್ಟೆ.
ಸುವರ್ಣ ಮಾಸ್ತರು ಹಗಲಿಡೀ ಡಾಕಿನಲ್ಲಿ ಮೂಟೆ ಎಣಿಸಿ
ರಾತ್ರಿ ನಮ್ಮನ್ನು ಎಣಿಸುವರು.

ಹಲಗೆಯ ಮೇಲೆ ಲೂಸ್, ಲಾಸ್ಟ್, ಲಾಸ್ಟ್.
ಅಂದರೆ ಕಳೆ.
ಗದ್ದೆಯಲ್ಲಿ ಕೀಳುವುದಲ್ಲ,
ಮದುಮಗಳ ಮುಖಕ್ಕೆ ಬರುವುದೂ ಅಲ್ಲ.
‘ಒಂದು ಓ ಸಾಕು. ಇನ್ನೊಂದು ತುರುಕಿದಿರೋ
ಸಡಿಲ ಅಂತಾಗ್ತದೆ:
ಚಡ್ಡಿಯ ಲಾಡಿ, ಹೊಟ್ಟೆ, ಈ ಚಂದುವಿನ ಮಂಡೆ.’
ನಕ್ಕೆವು. ನಮ್ಮ ಬಾಯಲ್ಲಿ ಎರಡೂ ಒಂದೇ.
ನಮಗೆ ಮೊದಲೇ ಗೊತ್ತಿದ್ದದ್ದು
ಒಡೆದ ಗ್ಲಾಸಿಗೆ ಧಣಿ ಕೆಂಪು ಶಾಯಿಯಲ್ಲಿ ಬರೆಯುವ ಲಾಸು,
ತಿಂಗಳ ಕೊನೆಗೆ ನಾಲ್ಕಾಣೆ.

ವಾಕ್ಯ ಮಾಡಿಸಿದರು.
ವಾಚು ದಿನಕ್ಕೆ ಐದು ನಿಮಿಷ ಲೂಸ್ ಮಾಡುತ್ತದಂತೆ.
ಯಾರ ಕೈಯಲ್ಲಿತ್ತು ವಾಚು?
ಸಿಟ್ಟು ಬಂದರೆ ಟೆಂಪರ್ ಲೂಸ್ ಆಯಿತೆನ್ನಬೇಕಂತೆ.
‘ಅವರು ಕಳಕೊಂಡದ್ದೇ ನಮಗೆ ಬರೂದಾ ಸಾರ್?’ ಎಂದ ಚಂದು.

ಆಮೇಲೆ, ಐ ಲಾಸ್ಟ್ ಮೈ ಫಾದರ್.
ಎಲ್ಲರೂ ಬರಕೊಂಡೆವು, ಊರಲ್ಲಿ ಅಪ್ಪ ಇದ್ದವರೂ.
ಜಾರಪ್ಪ ಪೆನ್ಸಿಲು ಎತ್ತಲಿಲ್ಲ.
‘ನಾನು ಕಳೆದದ್ದಲ್ಲ ಸಾರ್.
ನಾನು ಮಲ್ಪೆಯ ದಂಡೆಯಲ್ಲೇ ಇದ್ದೆ,
ಮೂರು ದಿನ, ದೋಣಿ ಬಿಟ್ಟ ಜಾಗದಲ್ಲೇ.
ಹುಡುಕುವವರಿಗೆ ಸಿಗಬೇಕಲ್ಲ.’

ಮಾಸ್ತರು ಡಸ್ಟರು ಎತ್ತಿದರು, ಇಟ್ಟರು.
‘ಹಾಗಾದರೆ ನಿನ್ನದು ನೀನೇ ಮಾಡು.’
ಅವನು ಎದ್ದುಹೋಗಿ ಹಲಗೆಯ ಮೇಲೆ,
ಕೋಳಿ ಕಾಲಿನ ಅಕ್ಷರದಲ್ಲಿ:
ಮೈ ಫಾದರ್ ಲಾಸ್ಟ್ ಮಿ.
ಒಂದೇ ಓ.
‘ಗ್ರಾಮರು ಸರಿ ಉಂಟು’ ಎಂದರು ಮಾಸ್ತರು,
ಬಹಳ ಹೊತ್ತಿನ ಮೇಲೆ, ಕಿಟಕಿಯ ಕಡೆ ತಿರುಗಿ.
ಕೆಳಗೆ ಟ್ರಾಮು ಗಂಟೆ ಹೊಡೆಯುತ್ತ ಬೋರಿಬಂದರಿಗೆ ಹೋಯಿತು.

ಆ ರಾತ್ರಿ ಲೆಕ್ಕಕ್ಕೆ ಒಂದು ಗ್ಲಾಸು ಕಮ್ಮಿ.
ಧಣಿ ಪುಸ್ತಕ ತೆರೆದು ಕಾದ.
ಜಾರಪ್ಪ ಮೋರಿಯ ಬಳಿ ಕುಕ್ಕರುಗಾಲಲ್ಲಿ ಕೂತು
ತೊಟ್ಟಿಯ ಬೂದುನೀರಿಗೆ
ಮೊಣಕೈ ಮುಳುಗುವಷ್ಟು ಕೈ ಇಳಿಸಿ
ತಡಕುತ್ತಲೇ ಇದ್ದ.
ನಾನು ದೀಪ ಹಿಡಿದಿದ್ದೆ.