ಷರಾ

ಒಂದು ಲೋಟ ನೀರಿಗೆ ಒಂದು ಲೋಟ ಸಕ್ಕರೆ.
ಕುದಿಸಬಾರದು, ಬೆಚ್ಚಗಾಗಿ ಕರಗಿದರೆ ಸಾಕು.
ಬೆಲ್ಲ ಬೇಡ, ಹೊಟ್ಟೆ ಕೆಡುತ್ತದೆ.
ಸಾಗರದ ತರಬೇತಿಯಲ್ಲಿ ಬರೆದುಕೊಂಡ ಈ ಮೂರು ಸಾಲು
ಮಕ್ಕಳ ತೂಕದ ಪುಸ್ತಕದ ಹಿಂಬದಿ ರಟ್ಟಿನ ಮೇಲಿದೆ.
ಬೇರೆ ಕಾಗದ ಸಿಕ್ಕಿರಲಿಲ್ಲ ಅವತ್ತು.

ನಾನು ಅಂಗನವಾಡಿ ಕನ್ನಮ್ಮ.
ಹಗಲು ಹದಿನೇಳು ಮಕ್ಕಳು;
ಸಂಜೆ, ಕೇಂದ್ರದ ಹಿಂದೆ ಅಕೇಶಿಯಾ ಬುಡದಲ್ಲಿ
ಆರು ಪೆಟ್ಟಿಗೆ ತುಡುವೆ.
ಎರಡೂ ಕಡೆ ಒಂದೇ ಕೆಲಸ:
ಎತ್ತಿ ನೋಡುವುದು, ಹಗುರಾಗಿದ್ದರೆ ಗಾಬರಿಯಾಗುವುದು,
ಗಾಬರಿ ತೋರಿಸದೆ ಬರೆಯುವುದು.

ಪುಷ್ಯ ಮಳೆ ಹಿಡಿದರೆ ಜೇನಿಗೆ ಬಾಗಿಲೇ ಗೋಡೆ.
ಹೊರಗೆ ಹೂವಿದ್ದರೂ ತೊಳೆದಿಟ್ಟ ಬಟ್ಟಲು.
ಒಳಗೆ ಮರಿಗಳು, ಕೋಣೆಗೊಂದು ಬಾಯಿ.
ಸಕ್ಕರೆ ಹಸಿವಿಗೆ ಆದೀತು, ಮೈಗೆ ಆಗುವುದಿಲ್ಲ
ಅಂದಿದ್ದರು ತರಬೇತಿಯ ಮೇಷ್ಟ್ರು:
ಅನ್ನ ಬಡಿಸಿದಿರಿ, ಬೇಳೆ ಎಲ್ಲಿ?
ಅದಕ್ಕೇ ಹುರಿಗಡಲೆ ಹಿಟ್ಟು, ಹಾಲಿನ ಪುಡಿ, ಚಿಟಿಕೆ ಈಸ್ಟು,
ಜರಡಿ ಹಿಡಿದು, ಜೇನಿನಲ್ಲಿ ಕಲಸಿ
ರೊಟ್ಟಿಯಂತೆ ತಟ್ಟಿ ಎರಿಗಳ ನೆತ್ತಿಯ ಮೇಲಿಟ್ಟೆ.

(ಕೇಂದ್ರದ ಹಾಲಿನ ಪುಡಿ ಅಲ್ಲ.
ರಿಪ್ಪನ್‌ಪೇಟೆಯಲ್ಲಿ ಕೊಂಡದ್ದು, ಚೀಟಿ ಇದೆ,
ಸೂಪರ್‌ವೈಸರ್ ಮೇಡಂ ಕೇಳಿದರೆ ತೋರಿಸುತ್ತೇನೆ.)

ಐದನೇ ಪೆಟ್ಟಿಗೆ ಮುಟ್ಟಲಿಲ್ಲ.
ಮಾರನೇ ದಿನ ಬಾಗಿಲ ಬಳಿ ಹಳದಿ ಪುಡಿ.
ಸತ್ತವರನ್ನು ಎಳೆದು ಹಾಕುವ ಹಾಗೇ
ನನ್ನ ರೊಟ್ಟಿಯನ್ನು ಕಾಳುಕಾಳಾಗಿ ಹೊತ್ತು ಎಸೆದಿದ್ದವು.

ಸೀತ್ಲಿಯೂ ಹಾಗೇ.
ಪೈಪು ಹೂಳಲು ಬಂದವರ ಜೊತೆ ಜೂನಿನಲ್ಲಿ ಬಂದವಳು.
ಮೂರು ವರ್ಷ, ಒಂಬತ್ತು ಕಿಲೋ ಎಂಟುನೂರು.
ತೋಳಿಗೆ ಸುತ್ತಿದ ಪಟ್ಟಿ ಹಳದಿಯಲ್ಲಿ ನಿಂತಿತು.
ಪುಷ್ಟಿಯ ಉಂಡೆಯನ್ನು ದವಡೆಯಲ್ಲಿ ಅಡಗಿಸಿಟ್ಟು
ನಾನು ಬೆನ್ನು ತಿರುಗಿಸಿದ್ದೇ ಕಿಟಕಿಯಾಚೆ ಉಗಿಯುವಳು.

ಒಂದು ಸಂಜೆ ಹಿಂದೆಯೇ ಬಂದು ಪೆಟ್ಟಿಗೆಗೆ ಕಿವಿ ಹಚ್ಚಿದಳು.
ಇವಕ್ಕೂ ಮೊಟ್ಟೆ ಕೊಡ್ತೀಯಾ?
ಬೇಡ, ಒಳಗೆ ಒಬ್ಬಳಿದ್ದಾಳೆ, ಅವಳೇ ಇಡುತ್ತಾಳೆ ಅಂದೆ.
ದಿನಾನಾ?
ಹೊಟ್ಟೆಗಿದ್ದರೆ ದಿನಾ.
ಪಾಕಕ್ಕೆ ಬೆರಳದ್ದಿ ನೆಕ್ಕಿದಳು.
ಆಮೇಲೆ ನಾನು ಕಲಸುತ್ತಿದ್ದ ಹಿಟ್ಟಿಗೇ ಕೈಹಾಕಿ
ಜೇನಿಗೆ ಸೇರಬೇಕಾದ ತುತ್ತೊಂದನ್ನು ನುಂಗಿಬಿಟ್ಟಳು.
ಬೈಯಲಿಲ್ಲ.
ಮರುದಿನವೂ ಬಂದಳು. ಅದರ ಮರುದಿನವೂ.
ಎರಡು ಪಾಲು ಕಲಸತೊಡಗಿದೆ, ಅವಳದಕ್ಕೆ ಈಸ್ಟು ಹಾಕದೆ.

ಐದಕ್ಕೆ ಬೇರೆ ಉಪಾಯ.
ಅವುಗಳದ್ದೇ ಹಳೆಯ ಎರಿಯಿಂದ ಒಂದು ಚಮಚ ಪರಾಗ ಕೆರೆದು ಬೆರೆಸಿದೆ,
ಮನೆಯ ವಾಸನೆ ಬಂದರೆ ತಿಂದಾವು ಅಂತ.
ಮೂಸಿದವು, ಸುತ್ತಿದವು, ಹುಳುಕು ಹುಡುಕಿದವು,
ಕೊನೆಗೆ ಒಂದು ಬದಿಯಿಂದ ಅರ್ಧಚಂದ್ರ ಕಡಿದವು.
ಪಾಕ ಇಡುವುದು ಮುಸ್ಸಂಜೆಗೇ, ಒಂದು ಹನಿ ಚೆಲ್ಲದಂತೆ.
ಚೆಲ್ಲಿದರೆ ಪಕ್ಕದ ಪೆಟ್ಟಿಗೆಯವು ದರೋಡೆಗೆ ಇಳಿಯುತ್ತವೆ.
ಹಸಿವಿನ ಕಾಲಕ್ಕೆ ನೆರೆಯವರೇ ಕಳ್ಳರು.

ಆಗಸ್ಟಿನ ತೂಕ: ಹತ್ತು ಕಿಲೋ ನಾನೂರು.
ಐದನೇ ಪೆಟ್ಟಿಗೆ ಎತ್ತಲು ಎರಡೂ ಕೈ ಬೇಕಾಯಿತು.

ಮಘೆ ಬಿಡುವು ಕೊಟ್ಟ ಬೆಳಿಗ್ಗೆ
ಐದರಲ್ಲಿ ಯಾರೂ ಇರಲಿಲ್ಲ.
ರೋಗವಿಲ್ಲ, ಮೇಣದ ಹುಳುವಿಲ್ಲ,
ಡಬ್ಬಿಯಲ್ಲಿ ಪಾಕ ಇಟ್ಟಷ್ಟೇ ಇತ್ತು.
ಬಲ ಬಂತೆಂದೇ ಹೋದವೋ ಏನೋ.
ಸಾಕಿದ್ದು ಉಳಿಸಿಕೊಳ್ಳಲಿಕ್ಕೆ ಅಂತ
ಅವಕ್ಕೆ ಯಾರೂ ಹೇಳಿರಲಿಲ್ಲ.

ಅದೇ ವಾರ ಪೈಪು ಮುಂದಿನ ಊರು ಮುಟ್ಟಿತು.
ಟಾರ್ಪಾಲು ಬಿಚ್ಚಿದ ಜಾಗದಲ್ಲಿ ಮಣ್ಣಿನ ಒಣ ಚೌಕ.
ಪುಸ್ತಕದಲ್ಲಿ ಅವಳ ಸಾಲಿನ ತುದಿಗೆ ಷರಾ ಅಂತ ಒಂದು ಕಾಲಂ,
ಅಲ್ಲಿ ಬರೆಯಬಹುದಾದ್ದು ಮೂರೇ:
ಶಾಲೆಗೆ ಸೇರ್ಪಡೆ, ಮರಣ, ವಲಸೆ.
ವಲಸೆ ಅಂತ ಬರೆದೆ.
ರಟ್ಟು ಮಗುಚಿ, ಪೆಟ್ಟಿಗೆ ಐದರ ಮುಂದೆಯೂ ಅದನ್ನೇ.

ಅಂಟುವಾಳ ಹೂ ಬಿಟ್ಟ ದಿನ ಪಾಕ ನಿಲ್ಲಿಸಬೇಕು,
ಇಲ್ಲದಿದ್ದರೆ ಜೇನು ಸುಳ್ಳಾಗುತ್ತದೆ.
ನಿಲ್ಲಿಸಿದ್ದೇನೆ. ಡಬ್ಬಿಗಳನ್ನು ತೊಳೆದು ಬೋರಲು ಹಾಕಿದ್ದೇನೆ.
ಹಾಲಿನ ಪುಡಿ ಅರ್ಧ ಕಿಲೋ ಉಳಿದಿದೆ.
ಚೀಟಿ ಇನ್ನೂ ಯಾರೂ ಕೇಳಿಲ್ಲ.