ಚಿಲಕ ಯಾವ ಕಡೆ

ಏಳು ವರ್ಷದಿಂದ ತಾರಸಿಯ ಮೇಲೆ
ತುಕ್ಕು ಹಿಡಿದು ನಿಂತಿದ್ದವು ಪಿಲ್ಲರಿನ ಕಂಬಿಗಳು,
ಮೇಷ್ಟ್ರಿಲ್ಲದ ಕ್ಲಾಸಿನಲ್ಲಿ ಎತ್ತಿದ ಕೈಗಳ ಹಾಗೆ.
ಅವಕ್ಕೇ ಹಗ್ಗ ಕಟ್ಟಿ ಒಣಗಿಸುತ್ತಿದ್ದೆವು
ರಾತ್ರಿ ಒದ್ದೆಯಾದ ಜಮಖಾನಗಳನ್ನು.
ಯಾವುದು ಯಾರದು ಅಂತ ಕೇಳಬಾರದು:
ಈ ಮನೆಗೆ ನಾನು ಮಾಡಿದ ಕಾಯಿದೆ ಅದೊಂದೇ.

ಈಗ ಮಹಡಿ ಏಳುತ್ತಿದೆ.
ಟೊಮೆಟೊ ಮಂಡಿಯವರು ರೇಟು ಏರಿದ ವಾರ
ಒಂದು ಲೋಡಿನ ದುಡ್ಡು ಬಿಟ್ಟುಕೊಟ್ಟರು.
ಗುಜರಿ ನಯಾಜ್ ಸಾಬರು ಕಳಿಸಿದರು ಹನ್ನೊಂದು ಹಳೇ ಕಿಟಕಿ,
ಒಂದರ ಹಾಗೆ ಇನ್ನೊಂದಿಲ್ಲ.
ಒಂದರ ಗಾಜಿಗೆ ಯಾರೋ ಅಂಟಿಸಿ ಮರೆತ
ಕೆಂಪು ಸ್ಟಿಕರ್ ಬೊಟ್ಟು.
ಅದನ್ನು ಕೀಳಬೇಡಿ ಅಂತ ಹೇಳಿಹೋದರು ಮೂವರು ಹುಡುಗರು,
ಬೇರೆ ಬೇರೆಯಾಗಿ ಬಂದು.

ಪೂಜೆಯ ದಿನ ಮಂಡಿಯ ಅಧ್ಯಕ್ಷರು ಮೈಕು ತಟ್ಟಿ ನೋಡಿ,
ಇಪ್ಪತ್ನಾಲ್ಕು ಮಂಚ ನಲವತ್ತೆಂಟಾಗಲಿದೆ,
ಮುಂದೆ ನೂರಾಗಲಿ ಅಂತ ಹರಸಿದರು.
ಚಪ್ಪಾಳೆ.
ನನ್ನ ಕೈಯಲ್ಲಿ ಮಂಗಳಾರತಿ ತಟ್ಟೆಯಿತ್ತು, ಒಳ್ಳೆಯದಾಯಿತು.
ನೂರಾಗುವುದು ಅಂದರೇನು ಅಂತ ಬಲ್ಲೆ,
ರಿಜಿಸ್ಟರು ಬರೆಯುವವಳು ನಾನು.

ಮೂವತ್ತೊಂದನೇ ಮಂಚದ ಹುಡುಗ
ಈ ಹೊತ್ತು ಎಲ್ಲೋ ತನ್ನ ಮನೆಯಲ್ಲೇ ಇದ್ದಾನೆ.
ತಲೆಗೆ ಎಣ್ಣೆ ಹಚ್ಚುತ್ತಿರಬಹುದು ಅವರಮ್ಮ,
ಕತ್ತು ಅಲ್ಲಾಡಿಸಬೇಡ ಅಂತ ಗದರುತ್ತ.
ಅಪ್ಪ ಇವತ್ತು ಕುಡಿಯದೆ ಬಂದಿರಬಹುದು.
ಇನ್ನೂ ಹತ್ತಿಲ್ಲ ಅವನು ಯಾವ ರೈಲನ್ನೂ.
ನಾನಿಲ್ಲಿ ಅವನ ಮಂಚಕ್ಕೆ ಅಳತೆ ಕೊಡುತ್ತಿದ್ದೇನೆ:
ಐದೂವರೆ ಅಡಿ. ಬೆಳೆಯುವ ಮಕ್ಕಳಲ್ಲವೇ.

ಆ ಮಂಚ ಖಾಲಿಯೇ ಇರಲಿ ಅಂತ
ಯಾವ ದೇವರಿಗೆ ಅರ್ಜಿ ಹಾಕಲಿ,
ಇಟ್ಟಿಗೆ ಬಿಲ್ಲಿಗೆ ಸಹಿ ಹಾಕಿದ ಇದೇ ಕೈಯಲ್ಲಿ?

ಮೆಟ್ಟಿಲ ಕೆಳಗಿನ ಗೂಡು ವೇಸ್ಟು ಅಂದ ಇಂಜಿನಿಯರು,
ಗೋಡೆಯೆತ್ತಿ ಮೀಟರ್ ಬೋರ್ಡು ಕೂರಿಸೋಣ ಅಂದ.
ಅಲ್ಲಿ ಜೋಲಾರಿ ಮಲಗುತ್ತಾನೆ, ಅಂದೆ.
ಬಂದ ದಿನ ಅವನಾಡಿದ್ದು ಒಂದೇ ಮಾತು, ಜೋಲಾರಪೇಟೆ.
ಹುಟ್ಟಿದೂರೋ, ರೈಲು ಹತ್ತಿದ ಜಾಗವೋ.
ಹುಡುಗರು ಅದನ್ನೇ ಮುರಿದು ಹೆಸರಿಟ್ಟರು;
ಅರ್ಧಕ್ಕೆ ನಿಂತ ಜೋಗುಳದ ಹಾಗಿದೆ.
ಮಂಚ ಕೊಟ್ಟರೆ ಬೇಡ. ಬೆನ್ನಿಗೆ ಗೋಡೆ ಬೇಕು,
ತಲೆಯಡಿಗೆ ಚಪ್ಪಲಿ,
ಕೊನೇ ಮಾರಿಕುಪ್ಪಂ ಗಾಡಿ ದಾಟಿದ ಮೇಲೇ ನಿದ್ದೆ.
ಇಂಜಿನಿಯರು ನಕ್ಷೆ ಮಡಿಸಿದ.
ಮೀಟರ್ ಬೋರ್ಡು ಹೊರಗೋಡೆಗೆ ಹೋಯಿತು.

ಮೋಲ್ಡು ಹಾಕಿದ ದಿನ ಮಿಕ್ಸರಿನ ಗದ್ದಲಕ್ಕೆ ಪಾಠ ನಿಂತಿತು.
ಬಾಂಡ್ಲಿ ಮುಟ್ಟಲು ಬಿಡಲಿಲ್ಲ ಮೇಸ್ತ್ರಿ ಚೌಡಪ್ಪ,
ನೀವು ದುಡಿದಿದ್ದು ಸಾಕು, ಕೂತು ನೋಡ್ರಪ್ಪ, ಅಂದ.
ಕೂತು ನೋಡುವುದು ಹೇಗೆಂದು ತಿಳಿಯದೆ
ಅರ್ಧ ಗಂಟೆ ನಿಂತೇ ಇದ್ದರು ಎಲ್ಲರೂ.
ಸಂಜೆ ಬಂಗಾರಪೇಟೆಯ ಪಾನಿಪುರಿ, ಗಾಡಿಯ ಸಮೇತ:
ನೋಡಲು ಬರೀ ನೀರು, ಬಾಯಿಗಿಟ್ಟರೆ ಕಣ್ಣಲ್ಲಿ ನೀರು.
ಅಳುವುದಿದ್ದವರಿಗೆ ನೆಪ ಹುಡುಕುವ ಕಷ್ಟವಿರಲಿಲ್ಲ.

ಇಪ್ಪತ್ತೊಂದು ದಿನ ನೀರು ಕಟ್ಟಿ, ಗೋಡೆಯೆದ್ದು,
ಬಾಗಿಲು ಕೂರಿಸುವಾಗ ಜೋಲಾರಿ ಬಂದು ನಿಂತ.
ಚಿಲಕ ಯಾವ ಕಡೆ, ಅಂದ.
ಐದು ತಿಂಗಳಲ್ಲಿ ಅವನ ಎರಡನೇ ಮಾತು.
ಒಳಗಡೆ ಕಣೋ.
ಹೊರಗಡೆ?
ಹೊರಗಡೆ ಇಲ್ಲ.

ಹಲಗೆಯ ಹೊರಮೈ ತಡವಿದ, ಮೇಲಿಂದ ಕೆಳಗೆ,
ಮೊಳೆಯ ತೂತೂ ಇಲ್ಲವೆಂದು ಖಾತ್ರಿಯಾಗುವ ತನಕ.
ಆಮೇಲೆ ಒಳಗೆ ಹೋಗಿ ಚಿಲಕ ಹಾಕಿದ, ತೆಗೆದ.
ಹಾಕಿದ, ತೆಗೆದ. ಹಾಕಿದ.
ಗದರಲು ಬಾಯಿ ತೆರೆದ ಬಡಗಿ
ಏನೋ ನೆನೆದು ಬೀಡಿ ಹಚ್ಚಲು ಕೆಳಗಿಳಿದ.

ಅವತ್ತು ರಾತ್ರಿಯೂ ಮಲಗಿದ್ದು ಮೆಟ್ಟಿಲ ಕೆಳಗೇ,
ಚಪ್ಪಲಿ ತಲೆಯಡಿಗೇ.

ಚೌಡಪ್ಪ ಹೊಸ ತಾರಸಿಯ ಮೇಲೂ ಕಂಬಿ ಬಿಟ್ಟಿದ್ದಾನೆ, ಎರಡೆರಡು ಅಡಿ.
ಕತ್ತರಿಸಲಾ ಅಕ್ಕ, ಅಂತ ಕೇಳಿದ.
ಇರಲಿ ಅಂದೆ.
ಜಮಖಾನ ಒಣಗಿಸಲು ಬೇಕು.