ಏಳನೇ ಹಲಗೆ

ಬಂದರಿನ ಒಣಮೀನಿನ ಮಂಡಿಗೆ ಇನ್ನೂ ಹಲಗೆಬಾಗಿಲು.
ಸುಣ್ಣದಲ್ಲಿ ಬರೆದ ಅಂಕೆ, ಹನ್ನೊಂದರ ತನಕ.
ರಾತ್ರಿ ಒಂದರಿಂದ ಹಾಕು, ಬೆಳಿಗ್ಗೆ ಹನ್ನೊಂದರಿಂದ ತೆಗೆ;
ಕ್ರಮ ತಪ್ಪಿದರೆ ಕೊನೆಯದು ಕೂರುವುದಿಲ್ಲ.

ಸರ್ವರ್ ಇರುವುದು ಅಟ್ಟದಲ್ಲಿ,
ಹಳೆಯ ತಕ್ಕಡಿಯ ಪಕ್ಕ.
ಫ್ಯಾನಿನ ಜಾಲರಿಗೆ ವಾರಕ್ಕೊಮ್ಮೆ ಬ್ರಷ್ ಹಾಕುತ್ತೇನೆ:
ಉಪ್ಪು, ಧೂಳು, ನಂಗಿನ ಹುರುಪೆ.

ಇದಿನಬ್ಬ ಸಾಹುಕಾರರಿಗೆ ಬೇಕಾದದ್ದು ಇಷ್ಟೇ:
ಊರೂರು ತಿರುಗುವ ನಾಲ್ಕು ಜನ
ರತ್ನಾಗಿರಿಯಿಂದಲೋ ವೆರಾವಲ್‌ನಿಂದಲೋ
ಮಂಡಿಯ ಲೆಕ್ಕ ನೋಡಬೇಕು, ದರ ಬರೆಯಬೇಕು.
"ಬೇರೆ ಯಾರೂ ನೋಡಬಾರದು. ಅದರಲ್ಲಿ ಎಂತ ಕಷ್ಟ ಉಂಟು?"

ಲಾಗ್ ತೆರೆದು ತೋರಿಸಿದೆ.
ನಿನ್ನೆ ಒಂದೇ ರಾತ್ರಿ ಆರು ಸಾವಿರದ ಇನ್ನೂರ ಹದಿನಾಲ್ಕು ಸಲ
ಯಾರೋ ಬಾಗಿಲು ಬಡಿದಿದ್ದಾರೆ,
ಒಮ್ಮೆ ಅಡ್ಮಿನ್, ಒಮ್ಮೆ ಟೆಸ್ಟ್, ಒಮ್ಮೆ ಮೈಕ್ ಎಂದು ಹೆಸರು ಹೇಳಿ.
ಸಾಹುಕಾರರು ಕನ್ನಡಕ ಒರೆಸಿಕೊಂಡರು.
"ಕಾಸರಗೋಡಿನ ಪಾರ್ಟಿಯವರಾ?"
ಅಲ್ಲ. ಇವರಿಗೆ ನಮ್ಮ ಹೆಸರು ಗೊತ್ತಿಲ್ಲ,
ಒಣಮೀನು ಅಂದರೆ ಏನೆಂದೂ ಗೊತ್ತಿರಲಿಕ್ಕಿಲ್ಲ.
ಲೋಕದ ಎಲ್ಲ ಬಾಗಿಲನ್ನೂ ತಳ್ಳುತ್ತ ಹೋಗುತ್ತಾರೆ,
ಯಾವುದು ಕಿರ್ರೆನ್ನುತ್ತದೋ ಅಲ್ಲಿ ನಿಲ್ಲುತ್ತಾರೆ.
ತುಂಬಾ ಹೊತ್ತು ಸುಮ್ಮನಿದ್ದರು.
"ದ್ವೇಷ ಇದ್ದಿದ್ದರೆ ಕೂತು ಮಾತಾಡಬಹುದಿತ್ತು."

ಪೋರ್ಟುಗಳನ್ನು ಮುಚ್ಚಿದೆ. ಪೋರ್ಟ್ ಅಂದರೆ ಬಂದರು ತಾನೆ;
ಬಂದರಿನಲ್ಲೇ ಕೂತು ಬಂದರು ಮುಚ್ಚುವವಳು ಎಂದು ನನಗೇ ನಗು.
ಒಂದನ್ನು ಮಾತ್ರ ಬಿಟ್ಟೆ, ಒಬ್ಬ ಅಡ್ಡ ತಿರುಗಿ ನುಸುಳುವಷ್ಟು.
ಪಾಸ್‌ವರ್ಡ್ ಇಲ್ಲ ಇನ್ನು. ನಾಲ್ವರಿಗೆ ನಾಲ್ಕು ಕೀಲಿ,
ಅವುಗಳ ಜೋಡಿ ಇಲ್ಲಿ ಅಟ್ಟದಲ್ಲಿ,
ಮೇಲಿಂದ ಫೋನಿಗೆ ಬಂದು ಅರ್ಧ ನಿಮಿಷದಲ್ಲಿ ಸಾಯುವ ಆರು ಅಂಕೆ.
ಯಾದವ ಕರ್ಕೇರನಿಗೆ ಮೂರು ಸಲ ಕಲಿಸಿದೆ.
"ಮೊದಲಿನದೇ ವಾಸಿ ಮಾರಾಯ್ತಿ,
ಹೆಂಡತಿ ಹೆಸರು, ಒಂದು ಎರಡು ಮೂರು, ಮುಗಿಯಿತು."
ಅದಕ್ಕೇ, ಎಂದೆ.

ಹದಿಮೂರನೇ ದಿನ. ಬ್ಯಾಕಪ್ ಮುಗಿಯದೆ ಅಟ್ಟದಲ್ಲೇ ಇದ್ದೆ.
ರಾತ್ರಿ ಹನ್ನೊಂದೂ ಕಾಲು, ಗುರುತಿಲ್ಲದ ನಂಬರು.
"ನಾನು ಯಾದವ. ಕುಡಾಳ ದಾಟಿ ನಿದ್ದೆ ಹತ್ತಿತು,
ಎದ್ದರೆ ಬ್ಯಾಗಿಲ್ಲ. ಲ್ಯಾಪ್‌ಟಾಪು, ಫೋನು, ಒಂದು ಕಾಲಿನ ಚಪ್ಪಲಿಯೂ ಇಲ್ಲ.
ಇದು ಟೀಸಿಯವರ ಫೋನು. ನನ್ನ ಕೀಲಿ ಮುಚ್ಚು.
ಬೆಳಿಗ್ಗೆ ಹರಾಜು, ಬೇರೆಯದು ಕೊಡು."

ಮುಚ್ಚುವುದಕ್ಕೆ ಯಾರು ಹೇಳಿದರೂ ಸಾಕು,
ಒಂದು ಸಾಲು ಅಳಿಸಿದೆ.
ಕೊಡುವುದು ಬೇರೆ ಮಾತು.
ಆ ಸ್ವರ ಅರ್ಧ ಅವನದು, ಅರ್ಧ ಕಬ್ಬಿಣದ್ದು.
ನಾನು ಬರೆದಿಟ್ಟ ನಿಯಮಗಳಲ್ಲಿ ಇದಕ್ಕೆ ಜಾಗ ಇರಲಿಲ್ಲ.
ಹುಟ್ಟಿದ ದಿನ ಕೇಳಲೇ? ಕದ್ದ ಬ್ಯಾಗಿನಲ್ಲೇ ಇರುತ್ತದೆ.
ತಾಯಿಯ ಹೆಸರೂ.

ಕೇಳಿದೆ: ಮಂಡಿಯ ಏಳನೇ ಹಲಗೆಯ ಬಣ್ಣ ಯಾವುದು?

ಒಂದು ಸೇತುವೆ ದಾಟುವಷ್ಟು ಹೊತ್ತು.
ಆಮೇಲೆ ತುಳುವಿನಲ್ಲಿ ಒಂದು ಬೈಗುಳ, ಆಮೇಲೆ ನಗು.
"ಏಳನೇ ಹಲಗೆ ಎಲ್ಲುಂಟು? ಅದನ್ನು ಅದ್ರಾಮಾಕ
ಹೋದ ರಂಜಾನಿನಲ್ಲಿ ಗಂಜಿಯ ಒಲೆಗಿಟ್ಟದ್ದಲ್ಲವಾ?
ಈಗ ಎಣ್ಣೆಡಬ್ಬ ಬಿಡಿಸಿದ ತಗಡು.
ತಗಡಿಗೆ ಎಂತ ಬಣ್ಣ, ತುಕ್ಕು."

ಆದರೂ ಕೀಲಿ ಕೊಡಲಿಲ್ಲ;
ಪರರ ಕಂಪ್ಯೂಟರಿಗೆ ಅದು ಹೋಗುವುದಿಲ್ಲ.
ಬರೆದುಕೋ, ಎಂದೆ. ಟಿಕೆಟಿನ ಬೆನ್ನಿಗೆ ಅವನು ಬರೆದ,
ನಾನು ಪರದೆ ನೋಡುತ್ತ ಓದಿದೆ, ಬೋಗಿಗೆ ಕೇಳಿದರೂ ತಿಳಿಯದ ಹಾಗೆ
ತುಳುವಿನಲ್ಲಿ: ನಂಗು, ಬಂಗುಡೆ, ಎಟ್ಟಿ,
ಇಷ್ಟಕ್ಕಿಂತ ಮೇಲೆ ಹೋಗಬೇಡ.
ನಡುವೆ ಸುರಂಗ, ಕರೆ ಕಡಿಯಿತು.
ಮತ್ತೆ ಬಂದಾಗ ಮತ್ತೆ ಕೇಳಿದೆ:
ಮಂಡಿಯ ಬೆಕ್ಕಿಗೆ ಹರಿದದ್ದು ಯಾವ ಕಿವಿ?
"ಎರಡೂ," ಎಂದ, ಸಿಟ್ಟಿನಿಂದ.

ಹಿಂಬಾಗಿಲಿಂದ ಇಳಿದು ಬೀದಿಗೆ ಬಂದೆ.
ಮೇಲೆ ಅಟ್ಟದಲ್ಲಿ ಮೈಕ್ ಇನ್ನೂ ಬಡಿಯುತ್ತಲೇ ಇರಬೇಕು.
ಹಲಗೆಗಳು ಸಾಲಾಗಿ ಕೂತಿದ್ದವು.
ಏಳನೆಯ ತಗಡನ್ನು ಸುಮ್ಮನೆ ಬೆರಳಲ್ಲಿ ತಳ್ಳಿದೆ.
ಅಲುಗಿತು.
ನಾಳೆ ಮೊಳೆ ತರಿಸಬೇಕು.